ಲೊಕೇಶನ್ ಬಂದ್ ಮಾಡಿದರೂ ಪ್ರಶ್ನೆ ಏಳದಿರಲಿ

ಧಾರವಾಡದಲ್ಲಿ ಓದುವ ಗದಗಿನ ಹುಡುಗಿಯರಿಗೆ ಭಾನುವಾರ ಸಂಜೆಯ ಈ ಫೋನ್ ಹೊಸದಲ್ಲ: "ಬಸ್ ಹತ್ತಿದೇನವಾ? ಲೊಕೇಶನ್ ಹಾಕು." 2017ರ ಅಕ್ಟೋಬರ್‌ನಲ್ಲಿ ಬಂದ ವಾಟ್ಸಾಪ್‌ನ ಲೈವ್ ಲೊಕೇಶನ್ ಮೂರು ಅವಧಿಗಳನ್ನು ಮುಂದಿಡುತ್ತದೆ: 15 ನಿಮಿಷ, 1 ತಾಸು, 8 ತಾಸು. ಹುಬ್ಬಳ್ಳಿಯಲ್ಲಿ ಇಳಿದು, ಧಾರವಾಡಕ್ಕೆ ಹೋಗುವ ಚಿಗರಿ ಬಸ್ ಹಿಡಿದು ಸಪ್ತಾಪುರದ ಪಿಜಿ ಮುಟ್ಟಲು ಒಂದು ತಾಸು ಎಲ್ಲಿ ಸಾಕಾಗುತ್ತದೆ? ಎಂಟು ತಾಸು ಒತ್ತಿದರೆ, ಊಟ ಮಾಡಿ ಮಲಗಿದ ಮೇಲೂ ಆಕೆಯ ಚುಕ್ಕಿ ಅಪ್ಪನ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ. ನಡುವೆ ನಿಲ್ಲಿಸುವ ಗುಂಡಿಯೇನೋ ಇದೆ. ಆದರೆ ಒತ್ತಿದರೆ "ಯಾಕ ಬಂದ್ ಮಾಡ್ದಿ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಡುವುದಕ್ಕಿಂತ ಚುಕ್ಕಿ ಇದ್ದರೆ ಇರಲಿ ಎಂದು ಬಿಡುವವರೇ ಹೆಚ್ಚು.

ಒಪ್ಪಿಗೆ ಕೊಡುವ ಪರದೆಯನ್ನು ಕಂಪನಿಗಳು ವರ್ಷಗಟ್ಟಲೆ ತಿದ್ದಿವೆ. ಒಪ್ಪಿಗೆಯಿಂದ ಮುಜುಗರವಿಲ್ಲದೆ ಹೊರಬರುವ ದಾರಿಯನ್ನು ಮಾತ್ರ ಅಷ್ಟು ಆಸ್ಥೆಯಿಂದ ಕಟ್ಟಲಿಲ್ಲ. ಇದು ಹೀಗಾಗಲು ಕಾರಣ ಈ ಸೌಲಭ್ಯ ಬೆಳೆದು ಬಂದ ಬಗೆಯಲ್ಲೇ ಇದೆ.

2000ರ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ ಆಗುವುದು ಸಾಮಾನ್ಯವಾಗಿತ್ತು. ಆ ತಡೆ ತೆಗೆದ ಮೇಲೆ ಓಣಿ, ಮನೆ ಗುರುತಿಸುವಷ್ಟು ನಿಖರತೆ ಬಂತು. 2009ರಲ್ಲಿ ಫೋರ್‌ಸ್ಕ್ವೇರ್ ಆ್ಯಪ್ ಬಂದಾಗ ಪದ್ಧತಿ ಸರಳವಾಗಿತ್ತು: ಎಲ್ಲಿದ್ದೀರೋ ಅಲ್ಲಿ ನೀವೇ 'ಚೆಕ್ ಇನ್' ಮಾಡಬೇಕು. ಒತ್ತದಿದ್ದರೆ ಯಾರಿಗೂ ಗೊತ್ತಾಗದು. ಹಾಗೆಂದು ಅಪಾಯ ಇರಲಿಲ್ಲವೆಂದಲ್ಲ. 'ಪ್ಲೀಸ್ ರಾಬ್ ಮಿ' ಎಂಬ ತಾಣ 2010ರಲ್ಲಿ ಇಂಥ ಸಂದೇಶಗಳನ್ನೇ ಒಟ್ಟುಗೂಡಿಸಿ, ಯಾರ ಮನೆ ಈಗ ಖಾಲಿ ಇದೆ ಎಂದು ತೋರಿಸಿ ಎಚ್ಚರಿಸಿತ್ತು. ಆದರೂ ಪ್ರತಿ ಸಲವೂ ಒಪ್ಪಿಗೆ ಹೊಸದಾಗಿಯೇ ಸಿಗುತ್ತಿತ್ತು, ಆ ಮಟ್ಟಿಗೆ ಆ ಪದ್ಧತಿ ಚೆನ್ನಾಗಿತ್ತು ಎನ್ನುವುದು ನನ್ನ ಅಭಿಪ್ರಾಯ.

ಒಮ್ಮೆ ಹೂಂ ಅಂದರೆ ಸದಾ ಹೂಂ ಎನ್ನುವ ರೂಢಿ ಬಂದಾಗ ಇದು ಕೆಟ್ಟಿತು. ಫೇಸ್‌ಬುಕ್ ಮೆಸೆಂಜರ್‌ನ ಆಂಡ್ರಾಯ್ಡ್ ಆ್ಯಪ್ ತಾನಾಗಿಯೇ ಸಂದೇಶಗಳ ಜೊತೆಗೆ ಸ್ಥಳವನ್ನೂ ಕಳಿಸುತ್ತಿತ್ತು. 2015ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಯೊಬ್ಬ ತನ್ನ ಚಾಟ್‌ಗಳನ್ನೇ ನಕ್ಷೆಯ ಮೇಲೆ ಹಾಕಿ, ಗೆಳೆಯರ ದಿನಚರಿ ಹೇಗೆ ಬಯಲಾಗುತ್ತದೆ ಎಂದು ತೋರಿಸಿದ ಮೇಲೆ ಕಂಪನಿ ಅದನ್ನು ಬದಲಿಸಿತು. 2017ರಲ್ಲಿ ಬಂದ ಸ್ನ್ಯಾಪ್‌ಚಾಟ್‌ನ ಸ್ನ್ಯಾಪ್ ಮ್ಯಾಪ್‌ನಲ್ಲಿ ಹಂಚಲು ಒಪ್ಪಿದವರು ಆ್ಯಪ್ ತೆರೆದಾಗಲೆಲ್ಲ ನಕ್ಷೆಯಲ್ಲಿ ಅವರ ಜಾಗವೂ ಬದಲಾಗುತ್ತಿತ್ತು. 2018ರ ಜನವರಿಯಲ್ಲಿ, ಓಟ, ಸೈಕಲ್ ಸವಾರಿಯನ್ನು ದಾಖಲಿಸುವ ಸ್ಟ್ರಾವಾ ಆ್ಯಪಿನ ಪ್ರಕರಣ ಹೊರಬಿತ್ತು. ಹೆಸರಿಲ್ಲದೆ ಒಟ್ಟುಗೂಡಿಸಿದ ಓಟದ ದಾರಿಗಳೇ ಸಿರಿಯಾ, ಅಫ್ಘಾನಿಸ್ತಾನದ ಸೇನಾ ನೆಲೆಗಳ ರೂಪುರೇಷೆಯನ್ನು ಕಾಣಿಸಿಬಿಟ್ಟವು.

ಇಂಥ ಪ್ರಕರಣಗಳ ನಡುವೆಯೇ ಫೋನ್ ತಯಾರಕರು ಬಿಗಿ ಮಾಡತೊಡಗಿದರು. 2019ರಲ್ಲಿ ಐಫೋನ್‌ಗೆ 'ಒಂದು ಸಲ ಮಾತ್ರ' ಎಂಬ ಅನುಮತಿ ಬಂತು, ಮರುವರ್ಷ ಆಂಡ್ರಾಯ್ಡ್‌ಗೂ. 2020ರಲ್ಲಿ ಐಫೋನ್, 2021ರಲ್ಲಿ ಆಂಡ್ರಾಯ್ಡ್ 12 'ಅಂದಾಜು ಸ್ಥಳ'ದ ಆಯ್ಕೆ ಕೊಟ್ಟವು. ಆಂಡ್ರಾಯ್ಡ್ 12ರ ಅಂದಾಜು ಎಂದರೆ ಸುಮಾರು 3 ಚದರ ಕಿಲೋಮೀಟರ್. ಸಪ್ತಾಪುರ, ಜಯನಗರದಂಥ ಕಡೆ ಅಷ್ಟು ಜಾಗದಲ್ಲಿ ಸಾವಿರಾರು ವಿದ್ಯಾರ್ಥಿಗಳಿದ್ದಾರೆ, ಆ ಗುಂಪಿನಲ್ಲಿ ಒಬ್ಬಳನ್ನು ಹುಡುಕುವುದು ಕಷ್ಟ. ಅದೇ ಅಳತೆಯನ್ನು ನರಗುಂದ ಕಡೆಯ ಎರಿ ಹೊಲಗಳ ಮೇಲೆ ಇಟ್ಟು ನೋಡಿ. ಅಲ್ಲಿ ಸಿಗುವುದು ಒಂದೇ ತೋಟದ ಮನೆ ಇರಬಹುದು. ಜನಸಂಖ್ಯೆ ನೋಡಿ ಹಿಗ್ಗದ, ಕುಗ್ಗದ ಅಳತೆ ಹಳ್ಳಿಯವರನ್ನು ಮರೆಮಾಡುವುದಿಲ್ಲ. ಒಳಗೆ ಕನಿಷ್ಠ ಇಷ್ಟು ಜನರಾದರೂ ಇರಲಿ ಎಂಬ ಲೆಕ್ಕದಲ್ಲಿ ಅಂದಾಜು ಸ್ಥಳದ ವೃತ್ತ ಬೆಳೆಯಬೇಕು. ಹಂಚುವ ಮೊದಲು ಆ ವೃತ್ತವನ್ನು ಬಳಕೆದಾರರಿಗೇ ತೋರಿಸಬೇಕು.

ಇನ್ನು ನಿಲ್ಲಿಸುವ ಪ್ರಶ್ನೆ. ಹಂಚಿಕೆ ಬಂದ್ ಆದಾಗ ಸುಳ್ಳು ಜಾಗ ತೋರಿಸಿದರೆ ಪ್ರಶ್ನೆ ತಪ್ಪುತ್ತದೆ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಿಜವಾಗಿ ಅಪಾಯವಾದ ದಿನ ಮನೆಯವರು ತಪ್ಪು ಊರಿನಲ್ಲಿ ಹುಡುಕುತ್ತಾರೆ. ಅದರ ಬದಲು ಹಂಚಿಕೆಯ ಕೊನೆಯನ್ನು ಮೊದಲೇ ಗೊತ್ತುಮಾಡಬಹುದು. 2023ರಲ್ಲಿ ಐಫೋನ್‌ಗೆ ಬಂದ 'ಚೆಕ್ ಇನ್' ಸೌಲಭ್ಯ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಹೇಳಿದರೆ, ಮುಟ್ಟಿದ ಮೇಲೆ ಮುಟ್ಟಿದ ಸುದ್ದಿ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ದಾರಿಯಲ್ಲಿ ತಡವಾಗಿ, ಫೋನ್ ಕೇಳಿದ್ದಕ್ಕೂ ನೀವು ಉತ್ತರಿಸದಿದ್ದರೆ ಮಾತ್ರ ಜಾಗದ ವಿವರ ತಲುಪುತ್ತದೆ. ಅಪ್ಪನಿಗೆ ಬೇಕಾದ ನೆಮ್ಮದಿ ಸಿಗುತ್ತದೆ. ಬಂದ್ ಮಾಡಿದವಳು ಮಗಳಲ್ಲ, ಪ್ರಯಾಣ ಮುಗಿದದ್ದರಿಂದ ಅದು ತಾನೇ ನಿಂತಿತು, ಹಾಗಾಗಿ ಜಗಳಕ್ಕೆ ಎಡೆಯಿಲ್ಲ. ಇಂಥದ್ದು ಎಲ್ಲರ ಕೈಯಲ್ಲಿರುವ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ, ಮನೆಮಂದಿಯೆಲ್ಲ ಬಳಸುವ ಆ್ಯಪಿನೊಳಗೇ ಸಿಗಬೇಕು.

ಕಾನೂನು ಎಲ್ಲಿಯವರೆಗೆ ಬಂದಿದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಜಾಮೀನು ಪಡೆದ ಆರೋಪಿ ಗೂಗಲ್ ಮ್ಯಾಪ್‌ನಲ್ಲಿ ತನ್ನ ಜಾಗವನ್ನು ತನಿಖಾಧಿಕಾರಿಗೆ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು 2024ರ ಜುಲೈನಲ್ಲಿ ಅದೇ ಕೋರ್ಟು ತೀರ್ಪಿತ್ತಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು. ಒಪ್ಪಿಗೆಯ ಕೋರಿಕೆಯನ್ನು ಕನ್ನಡದಲ್ಲಿ ಓದುವ ಆಯ್ಕೆಯೂ ಇರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶವಿದೆ.

ಆದರೆ ಈ ಕಾಯ್ದೆ ಕಟ್ಟಿಹಾಕುವುದು ಆ್ಯಪ್ ನಡೆಸುವವರನ್ನು. ವ್ಯಕ್ತಿಯೊಬ್ಬ ಸ್ವಂತಕ್ಕಾಗಿ, ಮನೆಯ ಕೆಲಸಕ್ಕಾಗಿ ಇನ್ನೊಬ್ಬರ ಮಾಹಿತಿ ಬಳಸಿದರೆ ಅದು ಕಾಯ್ದೆಯ ಹೊರಗೆ. ಅಪ್ಪ, ಅಣ್ಣ, ಗಂಡ ಪರದೆ ನೋಡುತ್ತ ಕೂತರೆ ಈ ಕಾಯ್ದೆ ಅಡ್ಡ ಬರುವುದಿಲ್ಲ. ಇನ್ನು 18 ತುಂಬದ ಪಿಯು ವಿದ್ಯಾರ್ಥಿನಿಯ ಪರವಾಗಿ ಒಪ್ಪಿಗೆ ಕೊಡಬೇಕಾದವರು ತಂದೆ ತಾಯಿಯೇ. ಹಾಗಾಗಿ ತನ್ನನ್ನು ಯಾರು ಯಾರು ನೋಡುತ್ತಿದ್ದಾರೆ, ಎಲ್ಲಿಯವರೆಗೆ ನೋಡುತ್ತಾರೆ ಎಂಬುದು ಆಕೆಗೆ ಗೊತ್ತಾಗುವುದೂ ಗೊತ್ತಾಗದಿರುವುದೂ ಆ್ಯಪ್ ಕಟ್ಟುವವರು ಆ ಪರದೆಯನ್ನು ಹೇಗೆ ಮಾಡುತ್ತಾರೆ ಎಂಬುದರ ಮೇಲಿದೆ.