ಅರವತ್ತು ಮಕ್ಕಳು, ಐದು ತರಗತಿ, ಇಬ್ಬರು ಮೇಷ್ಟ್ರು: ಈ ಲೆಕ್ಕ ಬಂದದ್ದು ಎಲ್ಲಿಂದ?

ನಮ್ಮ ಹಳ್ಳಿಗಳ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದರವರೆಗೆ ತರಗತಿಗಳಿರುತ್ತವೆ. ಚಿಕ್ಕ ಊರುಗಳಲ್ಲಿ ಪಾಠ ಮಾಡುವವರು ಇಬ್ಬರು, ಕೆಲವು ಕಡೆ ಒಬ್ಬರೇ. ಆ ಒಬ್ಬರಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಮೀಟಿಂಗ್ ಇದ್ದರೆ ಅವತ್ತು ಪಾಠ ಇಲ್ಲ, ಬಿಸಿಯೂಟ ಮಾತ್ರ. ಐದು ತರಗತಿಗೆ ಇಬ್ಬರೇ ಇರುವುದು ನಿಯಮ ಮುರಿದಿದ್ದರಿಂದ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ನಿಯಮವೇ ಹಾಗಿದೆ.

ಒಂದು ಕಾಲಕ್ಕೆ ದೇಶದ ತುಂಬ ಏಕೋಪಾಧ್ಯಾಯ ಶಾಲೆಗಳಿದ್ದವು. 1986ರ ಶಿಕ್ಷಣ ನೀತಿಯ ಬೆನ್ನಿಗೇ 1987ರಲ್ಲಿ ಆಪರೇಷನ್ ಬ್ಲಾಕ್‌ಬೋರ್ಡ್ ಯೋಜನೆ ಬಂತು. ಪ್ರತಿ ಶಾಲೆಗೂ ಕನಿಷ್ಠ ಎರಡು ಕೋಣೆ, ಕನಿಷ್ಠ ಇಬ್ಬರು ಶಿಕ್ಷಕರು, ಆದಷ್ಟು ಮಟ್ಟಿಗೆ ಅವರಲ್ಲಿ ಒಬ್ಬರು ಮಹಿಳೆ. ಆಗ ಅದು ನಿಜಕ್ಕೂ ದೊಡ್ಡ ಹೆಜ್ಜೆ. ತೊಂದರೆಯಾದದ್ದು ಆಮೇಲೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಅದೇ ಲೆಕ್ಕ ಇಟ್ಟುಕೊಂಡಿತು. ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು. ಅಂದರೆ ಎಣಿಸುವುದು ಮಕ್ಕಳ ತಲೆಯನ್ನು, ತರಗತಿಯನ್ನಲ್ಲ.

ಮಲೆನಾಡಿನ ಇಪ್ಪತ್ತು ಮಕ್ಕಳ ಶಾಲೆಯೊಂದನ್ನು ಯೋಚಿಸಿ. ಕಾಗದದ ಮೇಲೆ ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು. ಸಿರಿವಂತರ ಶಾಲೆಯಲ್ಲೂ ಇಷ್ಟು ಒಳ್ಳೆಯ ಅನುಪಾತ ಸಿಗುವುದು ಕಷ್ಟ. ಆದರೆ ಕನ್ನಡ, ಗಣಿತ, ಪರಿಸರ, ಇಂಗ್ಲಿಷ್ ಅಂತ ಐದು ತರಗತಿಗೂ ಲೆಕ್ಕ ಹಾಕಿದರೆ ಇಪ್ಪತ್ತು ಪಾಠಗಳಾಗುತ್ತವೆ. ಒಬ್ಬರೇ ಇದ್ದರೆ 40 ನಿಮಿಷದ ಪೀರಿಯಡ್‌ನಲ್ಲಿ ಒಂದು ತರಗತಿಗೆ ಸಿಗುವುದು ಎಂಟು ನಿಮಿಷ. ರಾಜ್ಯದ ಸರಾಸರಿ ಅನುಪಾತ ಚೆನ್ನಾಗಿದೆ ಅಂತ ಯಾರಾದರೂ ಹೇಳಿದಾಗ ನನಗೆ ಈ ಎಂಟು ನಿಮಿಷವೇ ಕಣ್ಣಮುಂದೆ ಬರುತ್ತದೆ.

ಈ ಕಷ್ಟಕ್ಕೆ ಕರ್ನಾಟಕ ತನ್ನದೇ ಒಂದು ದಾರಿ ಹುಡುಕಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದ ಶಿಕ್ಷಕರು ಅದನ್ನು ಇಲ್ಲಿಗೆ ಹೊಂದಿಸಿಕೊಂಡರು. ಸಣ್ಣ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕಾರ್ಡುಗಳನ್ನು ಹಿಡಿದು, ‘ತಟ್ಟೆ’ ಅಂತ ಕರೆಯುವ ಗುಂಪುಗಳಲ್ಲಿ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಒಂದು ಗುಂಪಿನ ಜೊತೆ ಶಿಕ್ಷಕರು ಇರುತ್ತಾರೆ, ಇನ್ನೊಂದು ಗುಂಪಿನಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಒಳ್ಳೆಯ ಪದ್ಧತಿ. ಆದರೆ ಒಬ್ಬ ಶಿಕ್ಷಕಿ ದಿನವಿಡೀ ಆ ಕೋಣೆಯಲ್ಲೇ ಇರಬೇಕು. ಇಬ್ಬರ ಶಾಲೆಯಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕರೂ ಆಗಿರುತ್ತಾರೆ. ಅವರು ಕಚೇರಿಗೆ ಹೋದ ದಿನ ಐದೂ ತರಗತಿ ಉಳಿದವರ ಪಾಲಿಗೆ. ನಲಿ-ಕಲಿ ಸೊರಗುವುದು ಅಲ್ಲೇ.

ಶಿಕ್ಷಕರ ನೇಮಕದ ಮಾತು ಬಂದರೆ ಹಿರಿಯರು ಈಗಲೂ ಹೇಳುವ ಹೆಸರು ಎಚ್.ಜಿ. ಗೋವಿಂದೇಗೌಡರದು. 1990ರ ದಶಕದಲ್ಲಿ ಅವರು ಶಿಕ್ಷಣ ಸಚಿವರಾಗಿದ್ದಾಗ ಲಂಚವಿಲ್ಲದೆ, ಅಂಕ ನೋಡಿ ಭಾರಿ ಸಂಖ್ಯೆಯಲ್ಲಿ ಶಿಕ್ಷಕರನ್ನು ನೇಮಿಸಿದರು. ಅವತ್ತು ಇಪ್ಪತ್ತೈದು, ಮೂವತ್ತು ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದವರು ಈಗ ಅರವತ್ತರ ಅಂಚಿನಲ್ಲಿದ್ದಾರೆ. ಒಂದೇ ಕಾಲಕ್ಕೆ ಬಂದವರು ಒಂದೇ ಕಾಲಕ್ಕೆ ನಿವೃತ್ತರಾಗುತ್ತಿದ್ದಾರೆ. ಇದು ಮೂವತ್ತು ವರ್ಷ ಮೊದಲೇ ಗೊತ್ತಿದ್ದ ಲೆಕ್ಕ, ಅಲ್ವಾ? ಆದರೂ ಜಾಗ ತುಂಬುವ ಕೆಲಸ ತೆವಳುತ್ತಲೇ ಇದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆಯಿತು. ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ. ಆದರೆ ಅವರು ಆರರಿಂದ ಎಂಟನೇ ತರಗತಿಗೆ. ಅಕ್ಷರ ಕಲಿಸುವ ಕೆಳಗಿನ ತರಗತಿಗಳಿಗೆ ಅದರಿಂದ ಒಬ್ಬರೂ ಬರಲಿಲ್ಲ.

ಆ ಜಾಗದಲ್ಲಿ ನಿಂತವರು ಅತಿಥಿ ಶಿಕ್ಷಕರು. 2022ರಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನವನ್ನು ತಿಂಗಳಿಗೆ 7,500ರಿಂದ 10,000 ರೂಪಾಯಿಗೆ ಏರಿಸಿದರು, 2025ರಲ್ಲಿ ಇನ್ನೆರಡು ಸಾವಿರ ಸೇರಿಸಿದರು. ರಜೆಯಲ್ಲಿ ಅದೂ ಇಲ್ಲ, ಮುಂದಿನ ವರ್ಷ ಕರೆಯುತ್ತಾರೆ ಅನ್ನುವ ಭರವಸೆಯೂ ಇಲ್ಲ. ಡಿ.ಎಡ್ ಮುಗಿಸಿದ ಹುಡುಗಿ ಇಷ್ಟಕ್ಕೆ ಐದು ತರಗತಿ ಹೊತ್ತು ನಡೆಸುತ್ತಾಳೆ ಅಂದರೆ ನಾವು ನಾಚಿಕೊಳ್ಳಬೇಕು.

ಪಾಠದ ಹೊರಗಿನ ಕೆಲಸವೂ ಇದೇ ಕೈಗಳದ್ದು. ಹಾಲು, ಮೊಟ್ಟೆ, ಶೂ, ಮಕ್ಕಳ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು. ಹಾಲು, ಮೊಟ್ಟೆ ಬೇಡ ಅಂತಲ್ಲ, ಮಕ್ಕಳಿಗೆ ಅವು ಬೇಕೇ ಬೇಕು. ಅದರ ಲೆಕ್ಕ ಬರೆಯಲು ಇನ್ನೊಬ್ಬರು ಬೇಕು. 2025ರ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ (ಜನ ಜಾತಿ ಗಣತಿ ಅನ್ನುವುದಕ್ಕೆ) ಶಿಕ್ಷಕರನ್ನು ಕಳಿಸಿದಾಗ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ವಿಶೇಷ ಅಗತ್ಯವಿರುವ ಮಕ್ಕಳ ಪಾಡಂತೂ ಇನ್ನೂ ಕಷ್ಟ. ಪ್ರಾಥಮಿಕ ಹಂತದಲ್ಲಿ ಅಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಹಳ್ಳಿ ಶಾಲೆಯ ಮಗುವಿಗೆ ಸಿಗುವುದು ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು ಆಗೊಮ್ಮೆ ಈಗೊಮ್ಮೆ ಬಂದು ಹೋಗುವುದಷ್ಟೇ.

ಪರಿಹಾರವನ್ನು ಎಲ್ಲೋ ಹುಡುಕಬೇಕಿಲ್ಲ. ಆರರಿಂದ ಎಂಟನೇ ತರಗತಿಗೆ ‘ತರಗತಿಗೆ ಕನಿಷ್ಠ ಒಬ್ಬ ಶಿಕ್ಷಕರು’ ಅಂತ ಅದೇ ಕಾಯ್ದೆ ಹೇಳುತ್ತದೆ. ಓದು ಬರಹ ಮೊದಲು ಕಲಿಯುವ ಚಿಕ್ಕ ಮಕ್ಕಳಿಗೆ ಅದೇ ನಿಯಮ ಯಾಕಿಲ್ಲ? ಇದನ್ನು ಕೇಳಲು ಊರಿನವರಿಗೆ ಜಾಗವೂ ಇದೆ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಹೊಣೆ. ಆ ಯೋಜನೆಯಲ್ಲಿ ಕಾಂಪೌಂಡು, ಬಣ್ಣ, ಗೇಟುಗಳ ಮೊದಲು ಬರೆಯಬೇಕಾದ್ದು ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಮುಂದಿನ ಮೂರು ವರ್ಷದಲ್ಲಿ ನಿವೃತ್ತರಾಗುವವರು ಯಾರು ಅನ್ನುವುದನ್ನು.