ಹೊರಗೂ ಮಳೆ, ಫೋನಿನಲ್ಲೂ ಮಳೆ

"ರಾತ್ರಿ ನಿದ್ದೆ ಬರಲ್ಲ ಡಾಕ್ಟ್ರೇ. ಫೋನಿನಲ್ಲಿ ಮಳೆ ಹಾಕ್ಕೊಂಡು ಮಲಗ್ತೀನಿ."

ಹೀಗೆ ಹೇಳಿದ ಹುಡುಗ ಶೃಂಗೇರಿ ಕಡೆಯವನು. ಮ್ಯಾಂಚೆಸ್ಟರಿಗೆ ಬಂದು ಎರಡು ವರ್ಷವಾಗಿತ್ತು. ತಗಡಿನ ಮಾಡಿನ ಮೇಲೆ ಎಂಟು ಗಂಟೆ ಬಿಡದೆ ಮಳೆ ಹುಯ್ಯುವ ರೆಕಾರ್ಡಿಂಗ್ ಅದು. ಅವನು ಇದನ್ನು ಹೇಳುತ್ತಿದ್ದಾಗ ನನ್ನ ಕೋಣೆಯ ಕಿಟಕಿಯಾಚೆ ಮಳೆ ಬರುತ್ತಲೇ ಇತ್ತು. ಸದ್ದಿರಲಿಲ್ಲ. ಇಬ್ಬರೂ ಒಮ್ಮೆ ಆ ಕಡೆ ನೋಡಿದೆವು. ಅವನಿಗೆ ನಗು ಬಂತು, ಆಮೇಲೆ ಅಳು ಬಂತು.

ನಾನು ಇಂಗ್ಲೆಂಡಿನಲ್ಲಿ ಮನೋವೈದ್ಯ. ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರ. (ಗುರುತು ಸಿಗದಂತೆ ರೋಗಿಗಳ ವಿವರ ಬದಲಿಸಿದ್ದೇನೆ.) ಕ್ಲಿನಿಕ್ಕಿಗೆ ಬರುವವರಲ್ಲಿ ಕನ್ನಡದವರು ಅಪರೂಪ. ನಮ್ಮವರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು, ದನಿ ತಗ್ಗಿಸಿ ಕೇಳುವುದೇ ಜಾಸ್ತಿ. ಕೇಳುವುದು ಹೆಚ್ಚಾಗಿ ಒಂದೇ ಮಾತು: "ಊರಲ್ಲಿ ಮಳೆ ಅಂದ್ರೆ ಜೀವ ಬಿಡ್ತಿದ್ದೆ. ಇಲ್ಲಿ ಮಳೆ ಕಂಡ್ರೆ ಆಗಲ್ಲ. ನಂಗೇನಾಗಿದೆ?"

ಮೊದಲು ಲೆಕ್ಕ ನೋಡೋಣ. ಮ್ಯಾಂಚೆಸ್ಟರ್ ಅಂದರೆ ಮಳೆಯೂರು ಎಂದು ಇಂಗ್ಲಿಷರೇ ಗೇಲಿ ಮಾಡುತ್ತಾರೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 850 ಮಿಲಿಮೀಟರ್. ಬೆಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ ಬೀಳುತ್ತದೆ. ಆಗುಂಬೆಯಲ್ಲಿ 7,000 ದಾಟುತ್ತದೆ. ಅಂದರೆ ಇಲ್ಲಿ ಎಂಟು ವರ್ಷ ಕೂಡಿಟ್ಟರೂ ಆಗುಂಬೆಯ ಒಂದು ವರ್ಷಕ್ಕೆ ಸಾಲುವುದು ಅನುಮಾನ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ಅಟ್ಲಾಂಟಿಕ್ ಕಡೆಯಿಂದ ಒಂದರ ಹಿಂದೊಂದು ಮೋಡದ ಸಾಲು ಬರುತ್ತದೆ, ಅದಕ್ಕೆ ಇಂಥದ್ದೇ ತಿಂಗಳು ಎಂದಿಲ್ಲ. ವರ್ಷಕ್ಕೆ ಸುಮಾರು 150 ದಿನ ಮಳೆ. ಇನ್ನೊಂದು ತಮಾಷೆ ಇದೆ. ಇಲ್ಲಿನವರು ಒಂದು ಮಿಲಿಮೀಟರ್ ಬಿದ್ದರೂ ಆ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಹವಾಮಾನ ಇಲಾಖೆಗೆ 2.5 ಮಿಲಿಮೀಟರ್ ಆದರೂ ಬೀಳಬೇಕು, ಇಲ್ಲದಿದ್ದರೆ ಅದು ಮಳೆ ದಿನವೇ ಅಲ್ಲ. ನಮ್ಮೂರಿನವರನ್ನು ಕೇಳಿದರೆ ಎರಡನ್ನೂ ಮಳೆ ಅಂತ ಒಪ್ಪಲಿಕ್ಕಿಲ್ಲ.

ಹನಿಯೂ ಬೇರೆ. ಇಲ್ಲಿ ಮಾಮೂಲಿಯಾಗಿ ಉದುರುವ ತುಂತುರಿನ ಹನಿ ಅರ್ಧ ಮಿಲಿಮೀಟರಿಗಿಂತ ಸಣ್ಣದು. ಸೆಕೆಂಡಿಗೆ ಎರಡು ಮೀಟರ್ ವೇಗವೂ ಇರುವುದಿಲ್ಲ, ತೇಲಿಕೊಂಡು ಬರುತ್ತದೆ. ನಮ್ಮ ಗುಡುಗು ಮಳೆಯ ದಪ್ಪ ಹನಿ ಐದು ಮಿಲಿಮೀಟರ್ ಇದ್ದು, ಸೆಕೆಂಡಿಗೆ ಒಂಬತ್ತು ಮೀಟರ್ ವೇಗದಲ್ಲಿ ಬಂದು ಹೆಂಚಿಗೆ ಬಡಿಯುತ್ತದೆ. ಅದು ಸದ್ದು ಮಾಡದೆ ಇರುತ್ತದೆಯೇ? ಇಲ್ಲಿನ ಕಿಟಕಿಗಳಿಗೆ ಎರಡು ಪದರದ ಗಾಜು ಬೇರೆ. ಆ ಹುಡುಗ ಸದ್ದನ್ನು ಫೋನಿನಲ್ಲಿ ಹುಡುಕಿದ್ದು ಹುಚ್ಚಲ್ಲ.

ವಾಸನೆಯದ್ದೂ ಇದೇ ಕಥೆ. ಮಣ್ಣಿನ ಘಮಕ್ಕೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಎಂಬ ಹೆಸರಿಟ್ಟರು. ಒಣ ದಿನಗಳಲ್ಲಿ ಗಿಡಮರಗಳ ಎಣ್ಣೆಯಂಶ ಮಣ್ಣಿಗೆ, ಕಲ್ಲಿಗೆ ಅಂಟಿಕೊಂಡಿರುತ್ತದೆ. ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಇರುತ್ತದೆ. ಮೊದಲ ಹನಿ ಬಿದ್ದಾಗ ಇವೆಲ್ಲ ಗಾಳಿಗೆ ಏಳುತ್ತವೆ. ಘಮ ಜೋರಾಗಿ ಬರಬೇಕಾದರೆ ಮಣ್ಣು ಚೆನ್ನಾಗಿ ಒಣಗಿರಬೇಕು. ಇಲ್ಲಿ ಅದು ಒಣಗುವುದೇ ಅಪರೂಪ. ಜುಲೈನಲ್ಲಿ ಎರಡು ವಾರ ಬಿಸಿಲು ಕಾದು ಒಂದು ಮಳೆ ಬಂದರೆ ಇಲ್ಲೂ ಘಮ ಬರುತ್ತದೆ. ನಾನೇ ಒಮ್ಮೆ ಬಸ್ ಸ್ಟಾಪಿನಲ್ಲಿ ಬಸ್ಸು ಬಿಟ್ಟು ನಿಂತಿದ್ದೇನೆ.

ನನ್ನ ಅನುಭವದಲ್ಲಿ ಇವೆಲ್ಲಕ್ಕಿಂತ ದೊಡ್ಡದು ಕಾಯುವಿಕೆ. ಊರಿನ ಮಳೆ ಬರುವುದು ಬೇಸಿಗೆಯ ಆಚೆ ದಡದಲ್ಲಿ. ಬಾವಿ ತಳ ಕಂಡಿರುತ್ತದೆ, ಮೈ ಬೆವರಿ ಅಂಟಂಟಾಗಿರುತ್ತದೆ. ಆಗ ಒಂದು ಗಾಳಿ ಬೀಸಿ, ಕತ್ತಲಾಗಿ, ಹುಯ್ದರೆ ಸುಖ ಸಿಗುವುದು ಮೊದಲು ಚರ್ಮಕ್ಕೆ, ಆಮೇಲೆ ಮನಸ್ಸಿಗೆ. ಇಲ್ಲಿ ಎಂಟು ಡಿಗ್ರಿ ಚಳಿಯಲ್ಲಿ ಅದೇ ನೀರು ಕುತ್ತಿಗೆಯೊಳಗೆ ಇಳಿದರೆ ದೇಹ ಯಾಕೆ ಖುಷಿಪಡಬೇಕು? ಊರಿನ ಮಳೆಗೆ ಅಧಿಕಾರವೂ ಇತ್ತು. ಜೋರಾದರೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಡುತ್ತಿದ್ದರು. ಕರೆಂಟು ಹೋಗುತ್ತಿತ್ತು, ಎಲ್ಲರೂ ಒಲೆ ಹತ್ತಿರ ಸೇರುತ್ತಿದ್ದೆವು, ಹಲಸಿನ ಹಪ್ಪಳ ಕೆಂಡ ಕಾಣುತ್ತಿತ್ತು. ಇಲ್ಲಿ ಮಳೆಗೆ ಏನೂ ನಿಲ್ಲುವುದಿಲ್ಲ. ಎಂಟೂವರೆಯ ರೈಲಿಗೆ ಎಂಟೂವರೆಗೇ ಹೋಗಬೇಕು.

ಆದರೆ ನನ್ನ ಹತ್ತಿರ ಹೀಗೆ ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ. ನನ್ನನ್ನೂ ನಂಬುವುದಿಲ್ಲ. ನಮ್ಮ ಅಪ್ಪ ಮಳೆಯನ್ನು ಹಾಡಿ ಹೊಗಳಿದ್ದು ನನಗೆ ನೆನಪಿಲ್ಲ. ಅಡಿಕೆಗೆ ಕೊಳೆರೋಗ ಬರುತ್ತದೆ ಎಂಬ ಚಿಂತೆ ಅವರಿಗೆ. ಮೈಲುತುತ್ತ, ಸುಣ್ಣ ಕಲಸಿದ ಔಷಧಿ ಹೊಡೆಸಲು ಅಡಿಕೆ ಮರ ಹತ್ತುವ ಕೊನೆಗಾರ ಸಿಕ್ಕಿದ ದಿನ ಮಳೆ ಹೊಳವು ಕೊಡುತ್ತಿರಲಿಲ್ಲ. ಅಮ್ಮನಿಗೆ ಒಣಗದ ಬಟ್ಟೆ, ಹತ್ತದ ಸೌದೆ, ಬೂಸ್ಟು ಹಿಡಿದ ಹಾಸಿಗೆ. ಆಷಾಢ ಮುಗಿಯುವ ಹೊತ್ತಿಗೆ "ಈ ದರಿದ್ರ ಮಳೆ ಒಂದ್ಸಲ ನಿಂತ್ರೆ ಸಾಕು" ಎನ್ನುತ್ತಿದ್ದರು. ಜಗಲಿಯಲ್ಲಿ ಕೂತು ಮಳೆ ನೋಡಿ ಸುಖಪಟ್ಟವರು ನಾವು ಮಕ್ಕಳು. ದೇಶ ಬಿಟ್ಟ ವರ್ಷವೇ ನಮ್ಮಲ್ಲಿ ಎಷ್ಟೋ ಮಂದಿ ಬಾಡಿಗೆ, ಬಟ್ಟೆ, ಅಡುಗೆ ಎಲ್ಲಕ್ಕೂ ತಾವೇ ಹೊಣೆಯಾದೆವು. ಅಮ್ಮನ ಪಾಲಿನ ಮಳೆ ನಮ್ಮ ಪಾಲಿಗೆ ಬಂದದ್ದು ಆಗಲೇ. ಅದನ್ನು ನಾವು ಇಂಗ್ಲೆಂಡಿನ ಮಳೆ ಅಂದುಕೊಳ್ಳುತ್ತೇವೆ.

ಇನ್ನು ವೈದ್ಯನ ಮಾತು. ಎಷ್ಟೋ ಸಲ ತೊಂದರೆ ಕೊಡುವುದು ಮಳೆಯಲ್ಲ, ಬೆಳಕು. ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನ ಹಗಲು ಸುಮಾರು ಏಳೂವರೆ ಗಂಟೆ. ಶೃಂಗೇರಿಯಲ್ಲಿ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ಮೀರುತ್ತದೆ. ಕಣ್ಣಿಗೆ ಬೀಳುವ ಬೆಳಕು ಮಿದುಳಿನ ಗಡಿಯಾರಕ್ಕೆ ಕೀಲಿ ಕೊಡುತ್ತದೆ. ಅದು ಕಡಿಮೆಯಾದರೆ ಕೆಲವರಿಗೆ ನಿದ್ದೆ ಏರುಪೇರಾಗುತ್ತದೆ, ಮೈ ಭಾರ, ಸಿಹಿ-ಅನ್ನ-ಬ್ರೆಡ್ಡಿನ ಮೇಲೆ ಆಸೆ, ಯಾರೂ ಬೇಡ ಅನ್ನಿಸುವುದು. ಎರಡು ಚಳಿಗಾಲ ಸತತವಾಗಿ ಹೀಗಾಗಿ, ವಸಂತಕ್ಕೆ ಸರಿಹೋದರೆ ನಾವು ಋತುಮಾನದ ಖಿನ್ನತೆ ಇರಬಹುದೇ ಎಂದು ನೋಡುತ್ತೇವೆ. 1984ರಲ್ಲಿ ಇದನ್ನು ಮೊದಲು ವಿವರಿಸಿದ ನಾರ್ಮನ್ ರೋಸೆಂತಾಲ್ ಅವರೇ ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ವಲಸೆ ಹೋದವರು. ಹೊಸ ದೇಶದ ಚಳಿಗಾಲದಲ್ಲಿ ತಮ್ಮ ಮನಸ್ಸೇ ಮಂಕಾದದ್ದು ಅವರ ಗಮನಕ್ಕೆ ಬಂದಿತ್ತು.

ಮಳೆ ಇಲ್ಲಿ ಮಾಡುವ ಕಿತಾಪತಿ ಎಂದರೆ ನಮ್ಮನ್ನು ಒಳಗೆ ಕೂರಿಸುವುದು. ದೀಪ ಹಾಕಿದ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಬೆಳಕು (ಲಕ್ಸ್ ಅಂದರೆ ಬೆಳಕಿನ ಅಳತೆ). ಮೋಡ ಕವಿದ ಮಧ್ಯಾಹ್ನವೂ ಹೊರಗೆ ಅದರ ಹಲವು ಪಟ್ಟು ಇರುತ್ತದೆ. ಆದ್ದರಿಂದ ನನ್ನ ಮೊದಲ ಚೀಟಿ ಮಾತ್ರೆಯದ್ದಲ್ಲ, ಒಳ್ಳೆಯ ಮಳೆ ಜಾಕೆಟ್ಟಿನದ್ದು. ಛತ್ರಿ ಬೇಡ, ಇಲ್ಲಿನ ಗಾಳಿಗೆ ಉಲ್ಟಾ ಆಗುತ್ತದೆ. ಮಧ್ಯಾಹ್ನ ಅರ್ಧ ಗಂಟೆ ನಡೆಯಿರಿ, ಮಳೆ ಇದ್ದರೂ. ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸಿನ ದೀಪದ ಮುಂದೆ ಕೂರುವುದೂ ಕೆಲವರಿಗೆ ಗುಣ ಕೊಡುತ್ತದೆ. ಕಣ್ಣಿನ ಕಾಯಿಲೆ, ಬೈಪೋಲಾರ್ ತೊಂದರೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಜೀಕುವ ಕಾಯಿಲೆ) ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ವಿಟಮಿನ್ ಡಿ ದಿನಕ್ಕೆ 10 ಮೈಕ್ರೋಗ್ರಾಂ. ನಮ್ಮ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಿ ಎಂದು ಇಲ್ಲಿನ ಸರಕಾರವೇ ಹೇಳುತ್ತದೆ. ಅದು ಮೂಳೆಗೆ. ಮನಸ್ಸಿಗೂ ಔಷಧ ಎಂದು ನಾನು ಹೇಳುವುದಿಲ್ಲ. ಬೇಸರ ಎರಡು ವಾರ ಬಿಡದಿದ್ದರೆ, ಬದುಕೇ ಸಾಕು ಅನ್ನಿಸಿದರೆ, ಹವಾಮಾನವನ್ನು ಬೈಯುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಬಗೆಯವರೂ ಇದ್ದಾರೆ. ಅವರಿಗೆ ಇಲ್ಲಿನ ಮಳೆ ಏನೂ ಅಲ್ಲ, ಊರಿನ ಮಳೆಯೇ ಭಯ. ಕೊಡಗಿನ ಮಹಿಳೆಯೊಬ್ಬರು 2018ರ ಆಗಸ್ಟಿನ ನಂತರ ಪ್ರತಿ ಮಳೆಗಾಲ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಾರೆ. ಆ ವರ್ಷ ಗುಡ್ಡ ಕುಸಿದಾಗ ಎರಡು ದಿನ ಅವರ ತಂದೆಯ ಫೋನು ಸಿಕ್ಕಿರಲಿಲ್ಲ. ಅವರಿಗೆ ಬೆಳಕಿನ ದೀಪ ಕೊಟ್ಟು ಪ್ರಯೋಜನವಿಲ್ಲ. ನೆರೆಮನೆಯವರ, ಅಂಗಡಿಯವರ, ಜೀಪಿನವರ ನಂಬರು ಬರೆದ ಒಂದು ಹಾಳೆ ಹೆಚ್ಚು ಉಪಯೋಗಕ್ಕೆ ಬಂತು.

ಶೃಂಗೇರಿಯ ಹುಡುಗ ಫೆಬ್ರವರಿಯಲ್ಲಿ ಮತ್ತೆ ಬಂದಿದ್ದ. ಜಾಕೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸು ಬಿಟ್ಟು ನಡೆದೇ ಬಂದಿದ್ದನಂತೆ. ಹಿಂದಿನ ರಾತ್ರಿ ಊರಿಂದ ಅವನ ಅಮ್ಮ ಫೋನು ಮಾಡಿದ್ದರು. ಪಂಚಾಂಗ ನೋಡಿ ಮಳೆ ಎಣಿಸುವ ಹೆಂಗಸು ಅವರು. "ಅಲ್ಲಿ ಈಗ ಯಾವ ಮಳೆನೋ?" ಅಂತ ಕೇಳಿದರಂತೆ.

"ಏನಂದೆ?"

"ಇಲ್ಲಿ ವರ್ಷಪೂರ್ತಿ ಆರಿದ್ರಾನೇ ಅಮ್ಮ, ಆರೋದೇ ಇಲ್ಲ ಅಂದೆ." ಅವನಮ್ಮ ಫೋನಿನಲ್ಲಿ ಬಹಳ ಹೊತ್ತು ನಕ್ಕರಂತೆ. ಆಮೇಲೆ, ಹಾಗಾದರೆ ಸಸಿ ಯಾವಾಗ ನೆಡ್ತಾರೆ ಅಂತ ಕೇಳಿದರಂತೆ.