ಚಿತ್ರ ಬಿಡಿಸಲು ಬಾರದಿದ್ದರೂ ಕಲಾ ಇತಿಹಾಸಕಾರರಾಗಬಹುದಾ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಬಿ.ಎ. ಇತಿಹಾಸ ಓದುತ್ತಿದ್ದೇನೆ. ಚಿತ್ರ ನೋಡುವ ಹುಚ್ಚು ಬಹಳ. ಆದರೆ ಒಂದು ಗಡಿಗೆಯನ್ನೂ ನೆಟ್ಟಗೆ ಬಿಡಿಸಲು ಬರುವುದಿಲ್ಲ. ಆಧುನಿಕ ಕಲೆಯ ಇತಿಹಾಸವನ್ನು ವೃತ್ತಿ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ನಮ್ಮ ಕಡೆಯ ಹುಡುಗ ಹುಡುಗಿಯರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಶಾಲೆ ಕಟ್ಟಿದ್ದು ಚಿತ್ರ ಬರೆಯುವುದನ್ನು ಕಲಿಸಲು. ಹಾಗಾಗಿ ಕಲೆ ಅಂದ ಕೂಡಲೇ ನಮಗೆ ಡ್ರಾಯಿಂಗ್ ಮಾಸ್ತರರೇ ನೆನಪಾಗುತ್ತಾರೆ. ಆದರೆ ಬರೆದ ಚಿತ್ರವನ್ನು ಓದುವುದೂ ಒಂದು ಕಸುಬು.

ಕಲಾ ಇತಿಹಾಸಕಾರ ಪಾರ್ಥ ಮಿತ್ತರ್ ಅವರನ್ನೇ ನೋಡಿ. ಅವರು ಕಲಿತದ್ದು ಇತಿಹಾಸ. ಲಂಡನ್ನಿನಲ್ಲಿ ಹೆಸರಾಂತ ಕಲಾ ಇತಿಹಾಸಕಾರ ಗಾಂಬ್ರಿಕ್ ಅವರ ಕೈಕೆಳಗೆ ಸಂಶೋಧನೆ ಮಾಡಿದರು. ನಮ್ಮ ದೇವರ ಮೂರ್ತಿಗಳನ್ನು ಯುರೋಪಿನವರು ಯಾವ ಕಣ್ಣಿನಿಂದ ನೋಡಿದರು ಎಂಬ ಅವರ ಪುಸ್ತಕ 1977ರಲ್ಲಿ ಬಂತು. ಆಮೇಲೆ 1994ರಲ್ಲಿ, 1850ರಿಂದ 1922ರವರೆಗಿನ ಭಾರತೀಯ ಕಲೆಯ ಮೇಲೆ ದೊಡ್ಡ ಪುಸ್ತಕ. ಪಾಠ ಮಾಡಿದ್ದು ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ಕೋಲ್ಕತ್ತಾದ ಕಲಾ ಇತಿಹಾಸಕಾರ್ತಿ ತಪತಿ ಗುಹಾ ಠಾಕುರ್ತಾ ಅವರೂ ಇತಿಹಾಸದ ಕಡೆಯಿಂದಲೇ ಬಂದವರು. ನಿಮ್ಮ ಬಿ.ಎ. ವ್ಯರ್ಥ ಅಲ್ಲ.

ಈ ಕೆಲಸ ಹೇಗಿರುತ್ತದೆ? ಬೆಟಗೇರಿಯಲ್ಲಿ ನಮ್ಮ ಸೋದರಮಾವನ ಮನೆಯ ದೇವರ ಜಗಲಿಯ ಮೇಲೆ ಒಂದು ಲಕ್ಷ್ಮಿ ಚಿತ್ರ ಇತ್ತು. ಒಮ್ಮೆ ಗಾಜು ಒಡೆಯಿತು, ಚಿತ್ರವನ್ನು ಹೊರಗೆ ತೆಗೆದೆವು. ಚೌಕಟ್ಟಿನಡಿ ಮುಚ್ಚಿಹೋಗಿದ್ದ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು: ರವಿವರ್ಮ ಪ್ರೆಸ್, ಕಾರ್ಲಾ, ಲೋಣಾವಳಾ. ಭೂತಗನ್ನಡಿ ಹಿಡಿದು ನೋಡಿದೆ. ಲಕ್ಷ್ಮಿಯ ಕೆನ್ನೆಯ ಮೇಲಿನ ಚುಕ್ಕೆಗಳು ರವೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಇದ್ದವು. ಅದು ಕಲ್ಲಚ್ಚಿನ ಗುರುತು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಈಗಿನ ಆಫ್‌ಸೆಟ್ ಕ್ಯಾಲೆಂಡರಿನಲ್ಲಿ ಚುಕ್ಕೆಗಳು ಮಗ್ಗದ ಎಳೆಗಳ ಹಾಗೆ ಸಾಲಾಗಿ ಕೂತಿರುತ್ತವೆ.

ರವಿವರ್ಮ ಆ ಪ್ರೆಸ್ ಶುರು ಮಾಡಿದ್ದು 1894ರಲ್ಲಿ, ಮುಂಬೈಯಲ್ಲಿ. ಆಮೇಲೆ ಅದನ್ನು ಜರ್ಮನಿಯ ಶ್ಲೈಖರ್ ಎಂಬ ಮುದ್ರಕರು ಕೊಂಡರು. ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಚಿತ್ರಗಳು ಬರುತ್ತಲೇ ಇದ್ದವು. ಹಾಗಾದರೆ ನಮ್ಮ ಲಕ್ಷ್ಮಿ ಯಾವಾಗ ಅಚ್ಚಾದಳು? ಬೆಟಗೇರಿಯ ನೇಕಾರರ ಮನೆಗೆ ಯಾರ ಕೈಯಿಂದ, ಎಷ್ಟು ದುಡ್ಡಿಗೆ ಬಂದಳು? ಅವಳನ್ನು ನೋಡಿದ ಮೇಲೆ ಮನೆಯವರ ಮನಸ್ಸಿನಲ್ಲಿ ದೇವರ ಮುಖವೇ ಬದಲಾಯಿತಾ? ಇಂಥ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಕೂರುವವರೇ ಕಲಾ ಇತಿಹಾಸಕಾರರು. ನನಗಂತೂ ಇದಕ್ಕಿಂತ ಚೆಂದದ ಕೆಲಸ ಕಾಣುವುದಿಲ್ಲ.

ಇನ್ನು ಓದಿನ ದಾರಿ. ಪದವಿ ಆದ ಮೇಲೆ ಎರಡು ವರ್ಷದ ಸ್ನಾತಕೋತ್ತರ. ಬರೋಡಾದ ಲಲಿತಕಲಾ ವಿಭಾಗ 1950ರಿಂದ ಇದೆ, ಶಾಂತಿನಿಕೇತನದ ಕಲಾಭವನ 1919ರಿಂದ. ಎರಡೂ ಕಡೆ ಕಲಾ ಇತಿಹಾಸವನ್ನೇ ಓದಬಹುದು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ (ಜೆಎನ್‌ಯು) ಯಾವುದೇ ಪದವಿ ಆದವರಿಗೂ ಅವಕಾಶ ಕೊಡುತ್ತದೆ. ಆಮೇಲೆ ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ನೆಟ್ ಪರೀಕ್ಷೆ, ದೃಶ್ಯಕಲೆ ವಿಷಯದಲ್ಲಿ. ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಶೇ 50. ಅದೇ ಪರೀಕ್ಷೆಯಿಂದ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಪಿಎಚ್‌.ಡಿ. ಮಾಡುವಾಗ ತಿಂಗಳಿಗೆ ಹಣ ಬರುತ್ತದೆ, ಮನೆಯವರಿಗೂ ಧೈರ್ಯ. ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ. ಕಾಯಂ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಮ್ಯೂಸಿಯಂ, ಗ್ಯಾಲರಿಗಳ ಕಡೆಗೂ ಕಣ್ಣಿರಲಿ.

ಒಂದು ಮಾತು ಜಾಸ್ತಿ ಹೇಳುತ್ತೇನೆ. 1956ರವರೆಗೆ ಧಾರವಾಡ ಮುಂಬೈ ಆಡಳಿತದಲ್ಲಿತ್ತು. ನಮ್ಮ ಕಡೆಯ ಚಿತ್ರಕಾರರು ಕಲಿಯಲು ಹೋಗುತ್ತಿದ್ದುದು ಮುಂಬೈಯ ಜೆ.ಜೆ. ಕಲಾಶಾಲೆಗೆ. ಅವರ ಸುದ್ದಿ ಹುಡುಕಿಕೊಂಡು ಹೋದರೆ ಆ ಕಾಲದ ಮರಾಠಿ ಪತ್ರಿಕೆಗಳನ್ನು ತಿರುವಲೇಬೇಕಾಗುತ್ತದೆ. ನಿಮ್ಮ ಓಣಿಯಲ್ಲಿ ಮರಾಠಿ ಓದಲು ಬರುವ ಅಜ್ಜಿ ಯಾರಾದರೂ ಇದ್ದರೆ, ಈ ರಜೆಯಲ್ಲೇ ಹೋಗಿ ಅವರ ಹತ್ತಿರ ಕಲಿಯಲು ಕೂತುಬಿಡಿ.